ಹಳೇ ಗೇಮಿಂಗ್ ಕಂಪ್ಯೂಟರ್‌ಗೆ ದುಡ್ಡು ಹಾಕೋ ಮುಂಚೆ ಮದರ್‌ಬೋರ್ಡ್ ನೋಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹಳೇ ಗೇಮಿಂಗ್ ಕಂಪ್ಯೂಟರ್ ಅಪ್‌ಗ್ರೇಡ್ ಮಾಡ್ಬೇಕಾ ಇಲ್ಲ ಮಾರಿ ಹೊಸದು ತಗೋಬೇಕಾ ಅನ್ನೋ ಮಾತು ಈಗ ನಮ್ಮ ಕೊಡಗಲ್ಲಿ ತುಂಬಾ ಮನೆಗಳಲ್ಲಿ ನಡೀತಾ ಇದೆ. ಕಾಫಿ ಕೊಯ್ಲು ಮುಗಿದು ಕೈಯಲ್ಲಿ ಸ್ವಲ್ಪ ದುಡ್ಡು ಓಡಾಡೋ ಸಮಯ ಬೇರೆ, ಮಕ್ಕಳು ಕೇಳ್ತಾರೆ, ಅಪ್ಪ ಅಮ್ಮಂಗೆ ಆ ಡಬ್ಬಿ ಒಳಗೆ ಏನಿದೆ ಅಂತ ಗೊತ್ತಿರಲ್ಲ, ಅಂಗಡಿಗೆ ತಗೊಂಡು ಹೋದ್ರೆ "ಇದು ತುಂಬಾ ಹಳೇದಾಯ್ತು, ಬಿಟ್ಬಿಡಿ" ಅಂತ ಒಂದೇ ಮಾತಲ್ಲಿ ಮುಗಿಸಿಬಿಡ್ತಾರೆ. ನಿಮ್ಮ ಪತ್ರಿಕೆಲಿ ಕಾಫಿ ರೇಟು, ಕರಿಮೆಣಸು ರೇಟು ಬರುತ್ತೆ, ಹೊಸ ಮೊಬೈಲ್ ಬಗ್ಗೆನೂ ಬರುತ್ತೆ, ಮನೇಲಿರೋ ಹಳೇ ಮೆಷಿನ್ ಏನ್ಮಾಡ್ಬೇಕು ಅಂತ ಮಾತ್ರ ಬರಲ್ಲ. ಅದಕ್ಕೇ ಈ ಪತ್ರ. ಉದ್ದ ಆಗುತ್ತೆ, ಆದ್ರೂ ಪೂರ್ತಿ ಹಾಕಿ ಅಂತ ಕೇಳ್ಕೋತೀನಿ.

ನಾನು ಅಂಗಡಿ ಇಟ್ಟವನಲ್ಲ. ತೋಟದ ಜೊತೆ ಮನೆಯಿಂದಲೇ ಅಕೌಂಟ್ಸ್ ಕೆಲಸ ಮಾಡ್ತೀನಿ, ಕಾಲೇಜಿಂದಲೂ ಗೇಮ್ ಆಡೋ ಅಭ್ಯಾಸ ಇದೆ, ಊರಲ್ಲಿ ಯಾರ ಕಂಪ್ಯೂಟರ್ ಆನ್ ಆಗದಿದ್ರೂ ನಂಗೆ ಫೋನ್ ಬರುತ್ತೆ. ಆ ಅನುಭವದ ಮೇಲೆ ಹೇಳೋದು ಇಷ್ಟು: ಕಂಪ್ಯೂಟರಿನ ವಯಸ್ಸು ನೋಡಿ ನಿರ್ಧಾರ ಮಾಡ್ಬೇಡಿ, ಅದರ ಮದರ್‌ಬೋರ್ಡ್, ಅಂದ್ರೆ ಉಳಿದೆಲ್ಲಾ ಪಾರ್ಟ್ ಕೂರೋ ಮುಖ್ಯ ಬೋರ್ಡ್ ನೋಡಿ. ಆ ಬೋರ್ಡಿಗೆ ಮುಂದೆ ದಾರಿ ಇದ್ರೆ ಧೈರ್ಯವಾಗಿ ದುಡ್ಡು ಹಾಕಿ. ದಾರಿ ಇಲ್ಲ ಅಂದ್ರೆ, ನಾಳೆ ಹೊಸ ಮೆಷಿನ್‌ಗೆ ಬಿಚ್ಚಿ ಹಾಕ್ಕೊಳೋಕೆ ಆಗೋ ಪಾರ್ಟ್‌ಗೆ ಮಾತ್ರ ಹಾಕಿ, ಉಳಿದಿದ್ದಕ್ಕೆ ಒಂದು ರೂಪಾಯಿನೂ ಬೇಡ.

ಇದನ್ನ ಎರಡು ಮೆಷಿನ್ ಇಟ್ಕೊಂಡು ಹೇಳ್ತೀನಿ. ಎರಡೂ 2017ರಲ್ಲಿ ತಗೊಂಡಿದ್ದು. ಒಂದು ನಮ್ಮಕ್ಕನ ಮಗಂದು, ಇಂಟೆಲ್ ಐ5 7400 ಪ್ರೊಸೆಸರ್ (ಕಂಪ್ಯೂಟರಿನ ಮುಖ್ಯ ಚಿಪ್), 8 ಜಿಬಿ ರ‍್ಯಾಮ್ ಒಂದೇ ಕಡ್ಡಿ, ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್ (ಆಟದ ಚಿತ್ರ ಮೂಡಿಸೋ ಪಾರ್ಟ್) 6 ಜಿಬಿದು, 1 ಟಿಬಿ ಹಾರ್ಡ್ ಡಿಸ್ಕ್. ಇನ್ನೊಂದು ಸೋಮವಾರಪೇಟೆ ಕಡೆ ಇರೋ ನನ್ನ ಸ್ನೇಹಿತಂದು, ಎಎಂಡಿ ರೈಜನ್ 5 1600, ಬಿ350 ಬೋರ್ಡು, ಕಾರ್ಡ್ ಮಾತ್ರ ಸಣ್ಣದು, ಜಿಟಿಎಕ್ಸ್ 1050 ಟಿಐ. ಆಗ ಅಕ್ಕನ ಮಗಂದೇ ಜೋರು ಮೆಷಿನ್ ಅಂತ ಎಲ್ರೂ ಅಂದ್ಕೊಂಡಿದ್ವಿ, ಗೇಮ್ ಓಡ್ಸಿದ್ರೆ ಹಾಗೇ ಕಾಣ್ತಿತ್ತು ಕೂಡ. ಇವತ್ತು ಲೆಕ್ಕ ಉಲ್ಟಾ ಆಗಿದೆ.

ಸ್ನೇಹಿತನ ಬೋರ್ಡ್ ಎಎಂ4 ಸಾಕೆಟ್ಟಿಂದು, ಸಾಕೆಟ್ ಅಂದ್ರೆ ಪ್ರೊಸೆಸರ್ ಕೂರೋ ಜಾಗ. ಆ ಸಾಕೆಟ್ಟಿಗೆ ಎಎಂಡಿಯವರು ವರ್ಷಗಟ್ಟಲೆ ಹೊಸ ಪ್ರೊಸೆಸರ್ ಬಿಡ್ತಾನೇ ಹೋದ್ರು, 2022ರಲ್ಲಿ ಬಂದ ರೈಜನ್ 5 5600 ಕೂಡ ಅದೇ ಹಳೇ ಬೋರ್ಡಲ್ಲಿ ಕೂರುತ್ತೆ, ಬೋರ್ಡ್ ಕಂಪನಿಯವರು ಕೊಟ್ಟಿರೋ ಬಯಾಸ್ (ಆನ್ ಮಾಡಿದ ತಕ್ಷಣ ಓಡೋ ಬೋರ್ಡಿನ ಸಾಫ್ಟ್‌ವೇರ್) ಅಪ್‌ಡೇಟ್ ಹಾಕ್ಕೊಂಡ್ರೆ ಸಾಕು. ಆರು ಕೋರ್ (ಪ್ರೊಸೆಸರ್ ಒಳಗೆ ಕೆಲಸ ಮಾಡೋ ಘಟಕ), ಹನ್ನೆರಡು ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸ), ವಿದ್ಯುತ್ತೂ 65 ವ್ಯಾಟಿನ ಲೆಕ್ಕದ್ದೇ. ಹಳೇ 1600ಗೂ ಆರೇ ಕೋರ್ ಇರೋದು, ಆದ್ರೆ ಒಂದೊಂದು ಕೋರಿನ ವೇಗದಲ್ಲಿ ತುಂಬಾ ವ್ಯತ್ಯಾಸ ಇದೆ, ಗೇಮಿಗೆ ಬೇಕಾಗಿರೋದು ಅದೇ. ಹಳೇ 1600ನ ವಿಂಡೋಸ್ 11 ಒಪ್ಪಲ್ಲ, 5600ನ ಒಪ್ಪುತ್ತೆ. ಅಂದ್ರೆ ಒಂದು ಪ್ರೊಸೆಸರ್ ಬದಲಾಯಿಸಿದ್ರೆ ಎರಡು ತಲೆನೋವು ಒಟ್ಟಿಗೆ ಹೋಗುತ್ತೆ. ಆಮೇಲೆ ನಿಧಾನಕ್ಕೆ ಕಾರ್ಡ್ ಹಾಕ್ಕೋಬಹುದು. ಇವನಿಗೆ ನಾನು ಹೇಳಿದ್ದು, ಕಣ್ಮುಚ್ಕೊಂಡು ಅಪ್‌ಗ್ರೇಡ್ ಮಾಡು ಅಂತ.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಬಯಾಸ್ ಅಪ್‌ಡೇಟ್ ಮಾಡ್ಬೇಕಾಗಿರೋದು ಹಳೇ ಪ್ರೊಸೆಸರ್ ಕೂತಿರುವಾಗಲೇ, ಹೊಸದನ್ನ ಹಾಕಿದ ಮೇಲೆ ಬೋರ್ಡಿಗೆ ಅದು ಗುರುತೇ ಸಿಗದೆ ಸ್ಕ್ರೀನ್ ಕಪ್ಪಾಗೇ ಇರುತ್ತೆ. ಮತ್ತೆ ಅಪ್‌ಡೇಟ್ ನಡೀತಿರುವಾಗ ಕರೆಂಟ್ ಹೋದ್ರೆ ಬೋರ್ಡೇ ಸತ್ತೋಗಬಹುದು. ಬೆಂಗಳೂರಲ್ಲಿ ಕೂತು ವಿಡಿಯೋ ಮಾಡೋರು ಇದನ್ನ ಒಂದು ಮಾತಲ್ಲಿ ಹೇಳಿ ಮುಂದೆ ಹೋಗ್ತಾರೆ, ನಮ್ಮೂರಲ್ಲಿ ಗಾಳಿ ಬೀಸಿದ್ರೆ ಸಿಲ್ವರ್ ಓಕ್ ಕೊಂಬೆ ಲೈನ್ ಮೇಲೆ ಬೀಳುತ್ತೆ, ಹಾಗಾಗಿ ಯುಪಿಎಸ್ ಇಲ್ದೆ ದಯವಿಟ್ಟು ಆ ಕೆಲಸಕ್ಕೆ ಕೈ ಹಾಕ್ಬೇಡಿ.

ಇನ್ನು ಅಕ್ಕನ ಮಗನ ಮೆಷಿನ್. ಅವನ ಬೋರ್ಡಲ್ಲಿ ಕೂರೋದು ಇಂಟೆಲ್ ಆರನೇ ಮತ್ತೆ ಏಳನೇ ತಲೆಮಾರಿನ ಪ್ರೊಸೆಸರ್ ಮಾತ್ರ. 2017ರ ಅಕ್ಟೋಬರಲ್ಲೇ ಎಂಟನೇ ತಲೆಮಾರು ಬಂತು, ಸಾಕೆಟ್ ಹೆಸರು ಅದೇ 1151, ಆದ್ರೂ ಅದಕ್ಕೆ 300 ಸೀರೀಸಿನ ಹೊಸ ಬೋರ್ಡ್ ಬೇಕು ಅಂದ್ರು. ಅವನ ಹತ್ರ ಇರೋ ಬೋರ್ಡಿಗೆ ಹೆಚ್ಚಂದ್ರೆ ಐ7 7700 ಹಾಕ್ಬಹುದು, ನಾಲ್ಕು ಕೋರ್, ಎಂಟು ಥ್ರೆಡ್. ಸೆಕೆಂಡ್ ಹ್ಯಾಂಡಲ್ಲಿ ಅದಕ್ಕೆ ಇವತ್ತಿಗೂ ಅದರ ಯೋಗ್ಯತೆಗಿಂತ ಜಾಸ್ತಿ ಕೇಳ್ತಾರೆ, ಯಾಕಂದ್ರೆ ಇವನಂಥೋರು ತುಂಬಾ ಜನ ಅದನ್ನೇ ಹುಡುಕ್ತಾ ಇರ್ತಾರೆ. ಅಷ್ಟು ಕೊಟ್ಟು ಹಾಕಿದ್ರೂ ವಿಂಡೋಸ್ 11 ಒಪ್ಪಲ್ಲ, ಹೊಸ ಆಟಗಳಿಗೆ ಸಾಲಲ್ಲ. ಬೋರರ್ (ಕಾಂಡ ಕೊರೆಯೋ ಹುಳ) ಹೊಡೆದ ಅರೇಬಿಕಾ ಕಾಫಿ ಗಿಡಕ್ಕೆ ಗೊಬ್ಬರ ಹಾಕ್ದಂಗೆ ಅದು.

"ಮಾವ, ಹಂಗಾದ್ರೆ ಇದನ್ನ ಮಾರಿ ಹೊಸದೇ ತಗೊಳೋಣ" ಅಂದ. ಅದಕ್ಕೂ ನಾನು ಒಪ್ಪಲಿಲ್ಲ, ಯಾಕೆ ಅಂತ ಹೇಳ್ತೀನಿ.

ಮೊದಲು ಮೆಷಿನ್ ಎಲ್ಲಿ ಸುಸ್ತಾಗ್ತಿದೆ ಅಂತ ನೋಡ್ಬೇಕು. ಇದಕ್ಕೆ ಯಾರೂ ಎಕ್ಸ್‌ಪರ್ಟ್ ಆಗ್ಬೇಕಿಲ್ಲ, ಗೇಮ್ ಆಡ್ತಿರುವಾಗ ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್ ಅನ್ನೋ ಕಡೆ ನೋಡಿ. ಗ್ರಾಫಿಕ್ಸ್ ಕಾರ್ಡ್ 95, 100 ಪರ್ಸೆಂಟ್ ಓಡ್ತಿದ್ರೆ ಕಾರ್ಡಿಗೆ ಸಾಕಾಗಿದೆ ಅಂತ ಅರ್ಥ. ಕಾರ್ಡ್ 60ರಲ್ಲಿ ಕೂತಿದ್ದು ಪ್ರೊಸೆಸರ್ 100 ಮುಟ್ಟಿದ್ರೆ ಪ್ರೊಸೆಸರ್ ಸಾಲ್ತಿಲ್ಲ. ಇನ್ನೊಂದು ಪರೀಕ್ಷೆ, ಗೇಮಿನ ರೆಸಲ್ಯೂಷನ್ ಕಮ್ಮಿ ಮಾಡಿ ನೋಡಿ, ಎಫ್‌ಪಿಎಸ್ (ಸೆಕೆಂಡಿಗೆ ಮೂಡೋ ಚಿತ್ರಗಳ ಸಂಖ್ಯೆ) ಏರಿದ್ರೆ ಕಾರ್ಡಿನ ಸಮಸ್ಯೆ, ಏನೂ ಏರಲಿಲ್ಲ ಅಂದ್ರೆ ಪ್ರೊಸೆಸರ್ ಸಮಸ್ಯೆ. ಈ ಪರೀಕ್ಷೆ ಮಾಡ್ದೆ ದುಬಾರಿ ಕಾರ್ಡ್ ತಂದು ನಾಲ್ಕು ಕೋರಿನ ಹಳೇ ಪ್ರೊಸೆಸರ್‌ಗೆ ಜೋಡಿಸಿ "ಏನೂ ವ್ಯತ್ಯಾಸನೇ ಇಲ್ವಲ್ಲ" ಅಂತ ಬೇಜಾರು ಮಾಡ್ಕೊಂಡೋರನ್ನ ನಾನು ಸಿದ್ದಾಪುರದಲ್ಲೂ ನೋಡಿದೀನಿ, ಕುಶಾಲನಗರದಲ್ಲೂ ನೋಡಿದೀನಿ.

ಅದಕ್ಕೂ ಮುಂಚೆ ಧೂಳು. ಡಿಸೆಂಬರಿಂದ ಮಾರ್ಚ್ ತನಕ ಕಣದಲ್ಲಿ ಕಾಫಿ ಒಣಗ್ತಿರುತ್ತೆ, ಆ ಸಿಪ್ಪೆ ಧೂಳು ಕಿಟಕಿಯಿಂದ ಬಂದು ಫ್ಯಾನಲ್ಲಿ, ಬಿಸಿ ಹೊರಗೆ ಹಾಕೋ ಹೀಟ್‌ಸಿಂಕಲ್ಲಿ ಗಟ್ಟಿಯಾಗಿ ಕೂತಿರುತ್ತೆ. ಪ್ರೊಸೆಸರಿನ ಬಿಸಿನ ಹೀಟ್‌ಸಿಂಕಿಗೆ ದಾಟಿಸೋ ಥರ್ಮಲ್ ಪೇಸ್ಟ್ ವರ್ಷಗಳಾದ ಮೇಲೆ ಒಣಗಿ ಪುಡಿಯಾಗುತ್ತೆ. ಐ5 7400 100 ಡಿಗ್ರಿ ಹತ್ರ ಹೋಯ್ತು ಅಂದ್ರೆ ತಾನೇ ವೇಗ ಇಳಿಸ್ಕೊಳುತ್ತೆ, ಆಡೋರಿಗೆ ಕಾಣೋದು ಗೇಮ್ ತಡವರಿಸೋದು, ಅಂದ್ಕೊಳೋದು ಕಂಪ್ಯೂಟರ್ ಮುದಿ ಆಯ್ತು ಅಂತ. ಬ್ಲೋಯರ್ ಹಿಡಿದು ಧೂಳು ತೆಗೆದು, ಹೊಸ ಪೇಸ್ಟ್ ಹಚ್ಚಿದ್ರೆ ಎಷ್ಟೋ ಮೆಷಿನ್ ಮತ್ತೆ ಮೊದಲಿನ ಹಂಗೇ ಓಡುತ್ತೆ. ಬ್ಲೋಯರ್ ಹಿಡಿಯುವಾಗ ಫ್ಯಾನ್ ರೆಕ್ಕೆನ ಬೆರಳಲ್ಲಿ ಹಿಡ್ಕೊಳಿ, ಗಾಳಿಗೆ ಜೋರಾಗಿ ತಿರುಗಿದ್ರೆ ಬೇರಿಂಗ್ ಹಾಳಾಗುತ್ತೆ.

ಇನ್ನು ಹಾರ್ಡ್ ಡಿಸ್ಕ್. 2026ರಲ್ಲೂ ವಿಂಡೋಸ್‌ನ ತಿರುಗೋ ಹಾರ್ಡ್ ಡಿಸ್ಕಲ್ಲಿ ಇಟ್ಕೊಂಡಿದ್ರೆ ಉಳಿದಿದ್ದು ಎಷ್ಟೇ ಚೆನ್ನಾಗಿದ್ರೂ ಪ್ರಯೋಜನ ಇಲ್ಲ. ಒಂದು ಎಸ್‌ಎಸ್‌ಡಿ (ತಿರುಗೋ ಭಾಗ ಇಲ್ಲದ, ತುಂಬಾ ವೇಗದ ಡಿಸ್ಕ್) ಹಾಕಿ, ಅದು ನಾಳೆ ಬಿಚ್ಚಿಕೊಂಡು ಹೋಗೋ ಪಾರ್ಟು, ನಾನು ಹೇಳಿದ ಲೆಕ್ಕಕ್ಕೆ ಸರಿ ಬರುತ್ತೆ. ಆದಷ್ಟು 1 ಟಿಬಿದೇ ತಗೊಳಿ, ಈಗಿನ ದೊಡ್ಡ ಆಟಗಳು 100 ಜಿಬಿ ದಾಟ್ತಾವೆ, ನಮ್ಮ ಕಡೆ ಇಂಟರ್ನೆಟ್ಟಲ್ಲಿ ಒಂದು ಸಲ ಇಳಿಸಿದ್ದನ್ನ ಜಾಗ ಇಲ್ಲ ಅಂತ ಅಳಿಸಿ ಮತ್ತೆ ಇಳಿಸೋದು ಅಂದ್ರೆ ರಾತ್ರಿಯೆಲ್ಲಾ ಕಾಯೋ ಕೆಲಸ.

ರ‍್ಯಾಮ್ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಹೊಸದು ತಗೊಳೋಣ ಅನ್ನೋರಿಗೆ ಈಗ ಏಟು ಬೀಳ್ತಿರೋದು ಇಲ್ಲೇ. ಎಐ ಡೇಟಾ ಸೆಂಟರ್‌ಗಳಿಗೆ ಅಂತ ಮೆಮೊರಿ ಚಿಪ್ ಎಲ್ಲಾ ಆ ಕಡೆ ಹೋಗೋಕೆ ಶುರುವಾಗಿ 2025ರ ಕೊನೇಲಿ ರ‍್ಯಾಮ್ ರೇಟು ಕೆಲವೇ ತಿಂಗಳಲ್ಲಿ ಡಬಲ್ ದಾಟಿ ಹೋಯ್ತು. 2025ರ ಡಿಸೆಂಬರಲ್ಲಿ ಮೈಕ್ರಾನ್ ಕಂಪನಿಯವರು ಕ್ರೂಷಿಯಲ್ ಅನ್ನೋ ಹೆಸರಲ್ಲಿ ನಮ್ಮಂಥೋರಿಗೆ ಮಾರ್ತಿದ್ದ ರ‍್ಯಾಮ್, ಎಸ್‌ಎಸ್‌ಡಿ ವ್ಯಾಪಾರನೇ ನಿಲ್ಲಿಸ್ತೀವಿ ಅಂತ ಹೇಳಿಬಿಟ್ರು. ಎಎಂಡಿಯ ಹೊಸ ಎಎಂ5 ಸಾಕೆಟ್ಟಿನ ಬೋರ್ಡ್ ತಗೊಂಡ್ರೆ ಡಿಡಿಆರ್5 ರ‍್ಯಾಮೇ ಬೇಕು, ಹಳೇ ಡಿಡಿಆರ್4 ಅದರಲ್ಲಿ ಕೂರೋದೇ ಇಲ್ಲ. ಹಾಗಾಗಿ ಹಳೇ ಮೆಷಿನ್‌ನ ಪೂರ್ತಿ ಮಾರಿದ್ರೆ, ಅದರೊಳಗಿನ ಡಿಡಿಆರ್4 ರ‍್ಯಾಮ್‌ನೂ ಚಿಲ್ಲರೆ ಕಾಸಿಗೆ ಕೊಟ್ಟು, ಅದಕ್ಕೆ ಎಷ್ಟೋ ಪಟ್ಟು ಕೊಟ್ಟು ಹೊಸದು ತಂದ ಹಾಗಾಗುತ್ತೆ. ಇದನ್ನ ತಪ್ಪಿಸೋ ದಾರಿನೂ ಇದೆ, ಇಂಟೆಲ್ ಹನ್ನೆರಡನೇ ತಲೆಮಾರಿನ ಐ5 12400ಎಫ್ ಥರದ ಪ್ರೊಸೆಸರ್‌ಗೆ ಡಿಡಿಆರ್4 ಬೋರ್ಡ್‌ಗಳು ಬಂದಿವೆ. ಅದು 2022ರ ಜನವರಿಲಿ ಬಂದ ಪ್ರೊಸೆಸರ್, ಹಳೇದು ಅಂತ ಮೂಗು ಮುರಿಯೋರಿದ್ದಾರೆ, ಆದ್ರೆ ಆರು ಕೋರ್ ಹನ್ನೆರಡು ಥ್ರೆಡ್ ಇದೆ, ವಿಂಡೋಸ್ 11 ಒಪ್ಪುತ್ತೆ, ಮನೇಲಿರೋ ರ‍್ಯಾಮ್ ಕೆಲಸಕ್ಕೆ ಬರುತ್ತೆ. ಈ ಸಮಯದಲ್ಲಿ ಅದೇ ದೊಡ್ಡ ಉಳಿತಾಯ.

ಅಕ್ಕನ ಮಗನ ಮೆಷಿನಲ್ಲಿ ಒಂದೇ ಕಡ್ಡಿ ರ‍್ಯಾಮ್ ಇತ್ತಲ್ಲ, ಅದೂ ಒಂದು ಸಮಸ್ಯೆ. ಎರಡು ಕಡ್ಡಿ ಇದ್ರೆ ಡ್ಯುಯಲ್ ಚಾನೆಲ್ ಅಂತ ಎರಡೂ ಒಟ್ಟಿಗೆ ಕೆಲಸ ಮಾಡ್ತಾವೆ, ಒಂದೇ ಇದ್ರೆ ಅರ್ಧ ದಾರಿಲೇ ಓಡಿದ ಹಾಗೆ. ಅದೇ ಸ್ಪೀಡಿನ ಇನ್ನೊಂದು 8 ಜಿಬಿ ಕಡ್ಡಿ ಸೆಕೆಂಡ್ ಹ್ಯಾಂಡಲ್ಲಿ ಹುಡುಕಿ ಹಾಕಿದ್ವಿ. ಗೇಮ್ ಮಧ್ಯದಲ್ಲಿ ಹಿಡ್ಕೊಂಡು ಹಿಡ್ಕೊಂಡು ಬಿಡ್ತಿದ್ದಿದ್ದು ಅಲ್ಲಿಗೆ ತುಂಬಾ ಕಮ್ಮಿ ಆಯ್ತು.

ವಿಂಡೋಸ್ 10 ಬಗ್ಗೆ ಜನರಿಗೆ ಹೆದರಿಕೆ ಜಾಸ್ತಿ, ಮಾಹಿತಿ ಕಮ್ಮಿ. 2025ರ ಅಕ್ಟೋಬರ್ 14ಕ್ಕೆ ಅದರ ಸಪೋರ್ಟ್ ಮುಗೀತು, ನಿಜ. ಆದ್ರೆ ಮನೆ ಬಳಕೆಯವರಿಗೆ ಇನ್ನೊಂದು ವರ್ಷ, ಅಂದ್ರೆ 2026ರ ಅಕ್ಟೋಬರ್ 13ರ ತನಕ ಸೆಕ್ಯೂರಿಟಿ ಅಪ್‌ಡೇಟ್ ಕೊಡೋ ಇಎಸ್‌ಯು ಅನ್ನೋ ವ್ಯವಸ್ಥೆ ಇದೆ, ಮೈಕ್ರೋಸಾಫ್ಟ್ ಅಕೌಂಟಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದ್ರೆ ದುಡ್ಡೂ ಕೊಡ್ಬೇಕಿಲ್ಲ. ಸೆಟ್ಟಿಂಗ್ಸಿನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಸೇರ್ಕೋಬಹುದು. ಅಕ್ಟೋಬರ್ 14 ಆದ್ಮೇಲೆ ಕಂಪ್ಯೂಟರ್ ಆನೇ ಆಗಲ್ಲ ಅಂತ ಒಬ್ಬರು ತಾಯಿಗೆ ಯಾರೋ ಹೇಳಿ ಹೊಸದು ಕೊಡಿಸಿದ್ದು ಕೇಳಿ ನಂಗೆ ತುಂಬಾ ಬೇಜಾರಾಯ್ತು. ಹಂಗೇನೂ ಇಲ್ಲ, ಆನ್ ಆಗುತ್ತೆ, ಕೆಲಸ ಮಾಡುತ್ತೆ, ಅಪ್‌ಡೇಟ್ ಬರೋದು ಮಾತ್ರ ನಿಲ್ಲುತ್ತೆ. ಬ್ಯಾಂಕ್ ಕೆಲಸ ಮಾಡೋ ಮೆಷಿನ್ ಆದ್ರೆ ಅದೂ ಚಿಕ್ಕ ವಿಷಯ ಅಲ್ಲ, ಅದಕ್ಕೇ ಇಎಸ್‌ಯು ಸೇರ್ಕೊಳಿ ಅನ್ನೋದು. ಆನ್‌ಲೈನ್ ಆಟಗಳಲ್ಲಿ ಕೆಲವು ಈಗ ಟಿಪಿಎಂ 2.0, ಸೆಕ್ಯೂರ್ ಬೂಟ್ ಅನ್ನೋ ಕಂಪ್ಯೂಟರಿನ ಭದ್ರತಾ ವ್ಯವಸ್ಥೆಗಳನ್ನ ಕೇಳ್ತಾವೆ, 2025ರ ಬ್ಯಾಟಲ್‌ಫೀಲ್ಡ್ 6 ಹಂಗೇ. ವಿಂಡೋಸ್ ಬದಲು ಲಿನಕ್ಸ್ ಹಾಕ್ಕೊಂಡ್ರೆ, ಆಟ ಮಾರೋ ಸ್ಟೀಮ್ ಅನ್ನೋ ತಾಣದ ಪ್ರೋಟಾನ್ ಸಾಫ್ಟ್‌ವೇರಿಂದ ಎಷ್ಟೋ ವಿಂಡೋಸ್ ಆಟ ಓಡುತ್ತೆ, ಆದ್ರೆ ವ್ಯಾಲರಂಟ್ ಥರದ ಆಟ ಓಡಲ್ಲ, ಹುಡುಗರಿಗೆ ಅದೇ ಬೇಕು ಅಂದ್ರೆ ಲಿನಕ್ಸ್ ಮಾತು ಎತ್ತಬೇಡಿ.

ಕಾರ್ಡ್ ವಿಷಯ. ಜಿಟಿಎಕ್ಸ್ 1060 2016ರದ್ದು, ಇಷ್ಟು ವರ್ಷ ದುಡಿದಿದೆ. ಅದನ್ನ ಮಾಡಿದ ಎನ್‌ವಿಡಿಯಾದವರು ಆ ತಲೆಮಾರಿನ ಕಾರ್ಡ್‌ಗಳಿಗೆ ಹೊಸ ಆಟಗಳ ಡ್ರೈವರ್ (ಕಾರ್ಡ್ ನಡೆಸೋ ಸಾಫ್ಟ್‌ವೇರ್) ಕೊಡೋದನ್ನ 2025ರ ಅಕ್ಟೋಬರಿಗೆ ನಿಲ್ಲಿಸಿದ್ರು, ಸೆಕ್ಯೂರಿಟಿ ಅಪ್‌ಡೇಟ್ ಮಾತ್ರ 2028ರ ಅಕ್ಟೋಬರ್ ತನಕ ಬರುತ್ತೆ. ಹೊಸ ಆಟಗಳಲ್ಲಿ ಕೆಲವಕ್ಕೆ ರೇ ಟ್ರೇಸಿಂಗ್ (ಬೆಳಕು ನೆರಳು ನಿಜದ ಹಂಗೆ ತೋರಿಸೋದು) ಮಾಡೋ ಹಾರ್ಡ್‌ವೇರ್ ಇಲ್ದಿದ್ರೆ ಶುರುವೇ ಆಗಲ್ಲ, 2025ರ ಡೂಮ್ ದಿ ಡಾರ್ಕ್ ಏಜಸ್ ಹಂಗೆ. ಆದ್ರೆ ಜಿಟಿಎ 5, ಕೌಂಟರ್ ಸ್ಟ್ರೈಕ್ 2, ವ್ಯಾಲರಂಟ್ ಆಡೋ ಹುಡುಗನಿಗೆ 1060 ಇವತ್ತಿಗೂ ಸಾಕು. ಅಂದ್ರೆ ಪ್ರಶ್ನೆ ಕೇಳ್ಬೇಕಾಗಿರೋದು ಆ ಹುಡುಗನಿಗೆ, ನೀನು ನಿಜವಾಗ್ಲೂ ಆಡೋ ಆಟ ಯಾವುದು ಅಂತ. ಯೂಟ್ಯೂಬಲ್ಲಿ ನೋಡೋ ಆಟ ಯಾವುದು ಅಂತ ಅಲ್ಲ.

ಕಾರ್ಡ್ ಬದಲಾಯಿಸೋದೇ ಆದ್ರೆ ಒಂದು ಒಳ್ಳೇ ವಿಷಯ ಏನಂದ್ರೆ ಹೊಸ ಕಾರ್ಡ್‌ಗಳಲ್ಲಿ ಕೆಲವು ಕಮ್ಮಿ ಕರೆಂಟಲ್ಲೇ ಓಡ್ತಾವೆ. 1060 120 ವ್ಯಾಟಿಂದು, 2023ರ ಆರ್‌ಟಿಎಕ್ಸ್ 4060 115 ವ್ಯಾಟಿಂದು, ಕೆಲಸ ಎರಡು ಪಟ್ಟಿಗೂ ಹೆಚ್ಚು. ಆದ್ರೆ ಹಳೇ ಬೋರ್ಡಲ್ಲಿರೋದು ಪಿಸಿಐಇ 3.0 ಅನ್ನೋ ಹಳೇ, ನಿಧಾನದ ಕಾರ್ಡ್ ಸ್ಲಾಟು, ಅದಕ್ಕೆ ಆರ್‌ಎಕ್ಸ್ 6500 ಎಕ್ಸ್‌ಟಿ ಥರ ಬರೀ ನಾಲ್ಕು ಲೇನ್ (ಡೇಟಾ ಓಡಾಡೋ ದಾರಿ) ಇರೋ ಕಾರ್ಡ್ ಹಾಕಿದ್ರೆ ಅದು ಒದ್ದಾಡುತ್ತೆ, 4 ಜಿಬಿ ಮೆಮೊರಿ ಬೇರೆ. ಕಮ್ಮಿ ರೇಟು ಅಂತ ಅದನ್ನೇ ತೋರಿಸಿದ್ರೆ ಬೇಡ ಅನ್ನಿ. ಎಂಟು ಲೇನಿನ ಆರ್‌ಎಕ್ಸ್ 6600, 8 ಜಿಬಿದು, ಹಳೇ ಬೋರ್ಡಲ್ಲೂ ನಷ್ಟ ಕಮ್ಮಿ. ಸೆಕೆಂಡ್ ಹ್ಯಾಂಡಲ್ಲಿ ಆರ್‌ಎಕ್ಸ್ 580 ಅಂತ ಮಾರ್ತಿರೋದ್ರಲ್ಲಿ ತುಂಬಾ 2048ಎಸ್‌ಪಿ ಅನ್ನೋ ಇನ್ನೊಂದು ಮಾದರಿ ಇರುತ್ತೆ, ಶಕ್ತಿ ಆರ್‌ಎಕ್ಸ್ 570 ಹತ್ರದ್ದು, ಡಬ್ಬಿ ಮೇಲಿನ ಹೆಸರು ನೋಡಿ ಮೋಸ ಹೋಗ್ಬೇಡಿ. 2022ರ ಸೆಪ್ಟೆಂಬರಲ್ಲಿ ಎಥೀರಿಯಂ ಮೈನಿಂಗ್ (ಗ್ರಾಫಿಕ್ಸ್ ಕಾರ್ಡ್ ಓಡಿಸಿ ಕ್ರಿಪ್ಟೋ ನಾಣ್ಯ ಗಳಿಸೋದು) ನಿಂತ ಮೇಲೆ ಹಗಲು ರಾತ್ರಿ ಓಡಿದ ಕಾರ್ಡ್‌ಗಳು ಮಾರುಕಟ್ಟೆಗೆ ಬಂದ್ವು, ಅವೆಲ್ಲಾ ಕೆಟ್ಟವು ಅಂತ ಹೇಳಲ್ಲ, ಆದ್ರೆ ಎದುರಿಗೇ ಒಂದರ್ಧ ಗಂಟೆ ಗೇಮ್ ಓಡಿಸಿ ತೋರಿಸಿ ಅನ್ನಿ, ಒಪ್ಪದಿದ್ರೆ ವಾಪಸ್ ಬನ್ನಿ. ಬೆಂಗಳೂರು ಎಸ್‌ಪಿ ರೋಡಿಂದ ತಂದ ಪಾರ್ಟ್ ಕೈ ಕೊಟ್ರೆ ಮಡಿಕೇರಿಯಿಂದ ಮತ್ತೆ ಬಸ್ ಹತ್ತಬೇಕು, ನಮ್ಮ ಜಿಲ್ಲೆಗೆ ರೈಲೂ ಇಲ್ಲ, ಒಂದು ದಿನದ ಕೂಲಿ, ಊಟ, ಬಸ್ ಚಾರ್ಜ್ ಸೇರಿಸಿದ್ರೆ ಉಳಿಸಿದ ದುಡ್ಡು ಅಲ್ಲೇ ಮುಗೀತು. ಅದಕ್ಕೆ ನಮ್ಮಲ್ಲಿ ವಾರಂಟಿ ಇರೋ ಪಾರ್ಟಿಗೆ ಸ್ವಲ್ಪ ಜಾಸ್ತಿ ಕೊಟ್ರೂ ನಷ್ಟ ಇಲ್ಲ ಅನ್ನೋದು ನನ್ನ ಅಭಿಪ್ರಾಯ.

ಈಗ ಹೇಳೋದು ಬೇರೆ ಊರಿನವರು ಯಾರೂ ಹೇಳಲ್ಲ. ಕೊಡಗಲ್ಲಿ ಗೇಮಿಂಗ್ ಕಂಪ್ಯೂಟರ್ ವಯಸ್ಸಾಗಿ ಸಾಯೋದಕ್ಕಿಂತ ಕರೆಂಟಿಗೆ, ಸಿಡಿಲಿಗೆ, ತೇವಕ್ಕೆ ಸಾಯೋದೇ ಹೆಚ್ಚು. ಏಪ್ರಿಲ್ ಮೇನಲ್ಲಿ ಗುಡುಗು ಸಿಡಿಲಿನ ಮಳೆ, ಜೂನಿಂದ ಸೆಪ್ಟೆಂಬರ್ ತನಕ ಬಿಡದ ಮಳೆ, ವೋಲ್ಟೇಜ್ ಮೇಲೆ ಕೆಳಗೆ ಆಗ್ತಾನೇ ಇರುತ್ತೆ. ಅಪ್‌ಗ್ರೇಡಿಗೆ ಅಂತ ಇಟ್ಟ ದುಡ್ಡಲ್ಲಿ ಮೊದಲ ಪಾಲು ಒಳ್ಳೇ ಎಸ್‌ಎಂಪಿಎಸ್‌ಗೆ (ಒಳಗಿನ ಪಾರ್ಟ್‌ಗಳಿಗೆ ಕರೆಂಟ್ ಕೊಡೋ ಡಬ್ಬಿ) ಹೋಗ್ಲಿ ಅಂತ ನಾನು ಹೇಳೋದು ಅದಕ್ಕೇ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ ಎಸ್‌ಎಂಪಿಎಸ್ ಮೇಲೆ 500 ವ್ಯಾಟ್ ಅಂತ ಬರೆದಿರುತ್ತೆ, ಅಷ್ಟು ಕೊಡೋ ಶಕ್ತಿ ಅದಕ್ಕಿರಲ್ಲ, ಸುಟ್ಟು ಹೋಗುವಾಗ ಬೋರ್ಡನ್ನೂ ಕಾರ್ಡನ್ನೂ ಜೊತೆಗೆ ಕರ್ಕೊಂಡು ಹೋಗುತ್ತೆ. 80 ಪ್ಲಸ್ (ಕರೆಂಟ್ ಹೆಚ್ಚು ಪೋಲು ಮಾಡಲ್ಲ ಅನ್ನೋ) ಗುರುತಿರೋದು, ಹೆಸರಿರೋ ಕಂಪನಿದು, ವರಾಂಟಿ ವರ್ಷ ಜಾಸ್ತಿ ಇರೋದು ತಗೊಳಿ. ಅದು ಇನ್ನೊಂದು ಮೆಷಿನ್‌ಗೂ ಬರುತ್ತೆ.

ಯುಪಿಎಸ್ ತಗೊಳುವಾಗ ವಿಎ ಅನ್ನೋ ಸಂಖ್ಯೆ ನೋಡಿ ಖುಷಿ ಪಡ್ಬೇಡಿ. 600 ವಿಎ ಅಂತ ಬರೆದಿರೋದು ಸುಮಾರು 360 ವ್ಯಾಟ್ ಅಷ್ಟೇ ಕೊಡೋದು, ದೊಡ್ಡ ಕಾರ್ಡ್ ಇರೋ ಮೆಷಿನ್ ಗೇಮ್ ಆಡ್ತಿರುವಾಗ ಕರೆಂಟ್ ಹೋದ್ರೆ ಅದು ಕೀ ಅಂತ ಕೂಗಿ ಆಫ್ ಆಗುತ್ತೆ. ಮನೆ ಇನ್ವರ್ಟರಲ್ಲೇ ಓಡಿಸೋರು ಅದನ್ನ ಯುಪಿಎಸ್ ಮೋಡಿಗೆ ಹಾಕಿ, ಇಲ್ದಿದ್ರೆ ಬದಲಾಗೋ ಆ ಒಂದು ಕ್ಷಣದಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತೆ. ದಿಢೀರ್ ಏರೋ ವೋಲ್ಟೇಜ್ ತಡೆಯೋ ಸರ್ಜ್ ಪ್ರೊಟೆಕ್ಟರ್ ಹಾಕಿದೀವಲ್ಲ ಅಂತ ನೆಮ್ಮದಿಯಾಗಿರೋರು ಮನೆ ಅರ್ಥಿಂಗ್ ಒಂದ್ಸಲ ಎಲೆಕ್ಟ್ರಿಷಿಯನ್ ಕರೆಸಿ ಟೆಸ್ಟ್ ಮಾಡಿಸಿ, ಅರ್ಥಿಂಗ್ ಇಲ್ದಿದ್ರೆ ಆ ಪ್ರೊಟೆಕ್ಟರ್ ಅರ್ಧ ಕೆಲಸಾನೂ ಮಾಡಲ್ಲ. ಹಳೇ ಮನೆಗಳಲ್ಲಿ ಅರ್ಥಿಂಗ್ ಗುಂಡಿ ಬೇಸಿಗೇಲಿ ಒಣಗಿ ಹೋಗಿರುತ್ತೆ, ಸರಿಯಾಗಿ ಸಿಡಿಲು ಬರೋದೂ ಅದೇ ಸಮಯಕ್ಕೆ, ನೀರು ಹಾಕ್ತಾ ಇರ್ಬೇಕು. ಇಷ್ಟೆಲ್ಲಾ ಇದ್ರೂ ಗುಡುಗು ಕೇಳಿದ ತಕ್ಷಣ ಪ್ಲಗ್ ಕಿತ್ತಿಡಿ, ಹಳೇ ತಾಮ್ರದ ಟೆಲಿಫೋನ್ ವೈರಲ್ಲಿ ಬ್ರಾಡ್‌ಬ್ಯಾಂಡ್ ಇದ್ರೆ ಅದನ್ನೂ ಕೀಳಿ, ಸಿಡಿಲು ಆ ದಾರಿಲೂ ಬರುತ್ತೆ. ಫೈಬರ್ ಆದ್ರೆ ವೈರಿಂದ ಭಯ ಇಲ್ಲ, ಅದರ ಅಡಾಪ್ಟರಿಂದ ಇದೆ.

ತೇವದ ಮಾತು. ಮಳೆಗಾಲ ಅಂತ ಕಂಪ್ಯೂಟರ್‌ಗೆ ಪ್ಲಾಸ್ಟಿಕ್ ಹೊದಿಸಿ ತಿಂಗಳುಗಟ್ಟಲೆ ಮುಚ್ಚಿಡೋರಿದ್ದಾರೆ, ಒಳಗಿನ ತೇವ ಒಳಗೇ ಉಳಿದು ಸ್ಲಾಟ್‌ಗಳಲ್ಲಿ ಹಸಿರು ಕಟ್ಟುತ್ತೆ, ಸ್ಕ್ರೂ ತುಕ್ಕು ಹಿಡಿಯುತ್ತೆ. ದಿನಾ ಸ್ವಲ್ಪ ಹೊತ್ತು ಓಡಿಸಿದ್ರೆ ಅದರ ಬಿಸಿಗೇ ಒಳಗೆ ಒಣಗಿರುತ್ತೆ. ನೆಲದ ಮೇಲೆ ಇಡಬೇಡಿ, ಮಳೆ ಹೊಡೆಯೋ ಕಡೆಯ ಗೋಡೆಗೆ ತಾಗಿಸಿ ಇಡಬೇಡಿ. ಆನ್ ಆಗ್ಲಿಲ್ಲ ಅಂತ ತಂದು ಕೊಟ್ಟ ಎಷ್ಟೋ ಮೆಷಿನ್‌ಗಳಲ್ಲಿ ರ‍್ಯಾಮ್ ತೆಗೆದು ಅದರ ಕಾಲನ್ನ ರಬ್ಬರಲ್ಲಿ ಉಜ್ಜಿ ಮತ್ತೆ ಕೂರಿಸಿದ್ರೆ ಎದ್ದು ಕೂತಿವೆ. ಇದನ್ನ ನಾಪೋಕ್ಲಿನ ಹುಡುಗ ಮನೇಲೇ ಮಾಡ್ಕೋಬಹುದು, ಹೊಸ ಬೋರ್ಡ್ ಬೇಕು ಅಂತ ಯಾರಾದ್ರೂ ಹೇಳೋ ಮುಂಚೆ ಇದನ್ನೊಂದು ನೋಡಿ.

ಪಿಯುಸಿ ಓದೋ ಮಕ್ಕಳ ಅಪ್ಪ ಅಮ್ಮಂದಿರಿಗೆ ಇನ್ನೊಂದು ಮಾತು. ನಮ್ಮ ಮಕ್ಕಳಲ್ಲಿ ಪೊನ್ನಂಪೇಟೆಲೇ ಇಂಜಿನಿಯರಿಂಗ್ ಸೇರೋರು ಇದ್ದಾರೆ, ಆದ್ರೆ ಹೆಚ್ಚಿನೋರು ಮೈಸೂರು, ಮಂಗಳೂರು, ಬೆಂಗಳೂರು ಅಂತ ಹಾಸ್ಟೆಲಿಗೆ ಹೋಗ್ತಾರೆ. ಇನ್ನೊಂದು ವರ್ಷಕ್ಕೆ ಹಾಸ್ಟೆಲ್ ಸೇರೋ ಹುಡುಗಿಗೆ ಇವತ್ತು ದೊಡ್ಡ ಡೆಸ್ಕ್‌ಟಾಪ್ ಕಟ್ಟಿಸಿದ್ರೆ ಅದು ಮನೇಲಿ ಧೂಳು ತಿನ್ನುತ್ತೆ, ಅಲ್ಲಿಗೆ ಅಂತ ಮತ್ತೆ ಲ್ಯಾಪ್‌ಟಾಪ್ ತಗೋಬೇಕು. ಅಂಥವರು ಹಳೇದಕ್ಕೆ ಎಸ್‌ಎಸ್‌ಡಿ ಹಾಕಿ ದಿನ ತಳ್ಳಿ, ಕಾಲೇಜು ಯಾವುದು ಅಂತ ಗೊತ್ತಾದ ಮೇಲೆ ಉಳಿದಿದ್ದು. ಮನೇಲೇ ಇರೋ ಹುಡುಗರಿಗೆ ಲೆಕ್ಕ ಬೇರೆ.

ಆಟಕ್ಕೆ ಯಾಕೆ ಇಷ್ಟು ದುಡ್ಡು ಅಂತ ಕೇಳೋ ಹಿರಿಯರ ಮೇಲೆ ನಂಗೆ ಗೌರವ ಇದೆ, ಅವರು ಹೆದರೋದಕ್ಕೂ ಕಾರಣ ಇದೆ, ದುಡ್ಡು ಕಟ್ಟಿ ಆಡೋ ಆ್ಯಪ್‌ಗಳಲ್ಲಿ ಎಷ್ಟು ಮನೆ ಹಾಳಾಗಿದೆ ಅಂತ ಎಲ್ಲರಿಗೂ ಗೊತ್ತು. 2025ರ ಆಗಸ್ಟಲ್ಲಿ ಕೇಂದ್ರ ಸರ್ಕಾರ ಅಂಥ ಆಟಗಳನ್ನ ನಿಷೇಧ ಮಾಡಿ ಕಾನೂನು ತಂತು, ಅದೇ ಕಾನೂನು ಇ-ಸ್ಪೋರ್ಟ್ಸ್‌ಗೆ ಪ್ರೋತ್ಸಾಹ ಕೊಡ್ಬೇಕು ಅಂತಾನೂ ಹೇಳುತ್ತೆ. ಎರಡೂ ಒಂದೇ ಅಲ್ಲ. ಏಪ್ರಿಲ್ ಮೇನಲ್ಲಿ ನಮ್ಮ ಮಕ್ಕಳು ಹಾಕಿ ಮೈದಾನದಲ್ಲೇ ಇರ್ತಾರೆ, ಜುಲೈನಲ್ಲಿ ಡಿಸಿ ಸಾಹೇಬ್ರು ಮಳೆಗೆ ಶಾಲೆಗೆ ರಜೆ ಕೊಟ್ಟಾಗ ಅವರು ಎಲ್ಲಿ ಹೋಗ್ಬೇಕು ಹೇಳಿ. ಭಾಗಮಂಡಲದಲ್ಲಿರೋ ಹುಡುಗ ಶನಿವಾರಸಂತೆಯ ಹುಡುಗನ ಜೊತೆ ಒಂದೇ ಟೀಮಲ್ಲಿ ಆಡೋದು ನಂಗೆ ಸಂತೋಷದ ವಿಷಯವಾಗೇ ಕಾಣುತ್ತೆ. ಜೊತೆಗೆ ಅದೇ ಮೆಷಿನಲ್ಲಿ ವಿಡಿಯೋ ಎಡಿಟಿಂಗ್ ಕಲೀತಾರೆ, ಪ್ರೋಗ್ರಾಂ ಬರೀತಾರೆ, ನನ್ನ ಅಕೌಂಟ್ಸ್ ಕೆಲಸನೂ ಅಂಥದ್ರಲ್ಲೇ ನಡಿಯೋದು.

ಅಕ್ಕನ ಮನೇಲಿ ಕೊನೆಗೆ ಎಲ್ಲರೂ ಕೂತು ಮಾಡಿದ ತೀರ್ಮಾನ ಹೀಗಿದೆ. ಈಗ ಎಸ್‌ಎಸ್‌ಡಿ, ಇನ್ನೊಂದು ಕಡ್ಡಿ ರ‍್ಯಾಮ್, ಒಳ್ಳೇ ಎಸ್‌ಎಂಪಿಎಸ್, ಹೊಸ ಪೇಸ್ಟ್, ಇಎಸ್‌ಯು. ಅಕ್ಟೋಬರಿಗೆ ಮುಂಚೆ 12400ಎಫ್ ಮತ್ತೆ ಡಿಡಿಆರ್4 ಬೋರ್ಡು, ಈಗ ಹಾಕಿದ್ದೆಲ್ಲಾ ಅದಕ್ಕೆ ಹೋಗುತ್ತೆ. ಕಾರ್ಡ್ ಕೊನೇಲಿ, ಮುಂದಿನ ಕೊಯ್ಲಿನ ದುಡ್ಡಲ್ಲಿ, ಅಲ್ಲಿ ತನಕ 1060 ಇರ್ಲಿ. ಬೇಡವಾಗಿ ಉಳಿಯೋದು ಹಳೇ ಬೋರ್ಡು ಮತ್ತೆ ಪ್ರೊಸೆಸರ್ ಅಷ್ಟೇ. ಹುಡುಗ ಮೊದಲು ಮುಖ ಊದಿಸ್ಕೊಂಡಿದ್ದ, ಎಸ್‌ಎಸ್‌ಡಿ ಹಾಕಿದ ಮೇಲೆ ಮಾತಾಡೋಕೆ ಶುರು ಮಾಡಿದ.

ಸಂಪಾದಕರೇ, ನಿಮ್ಮಲ್ಲಿ ಎರಡು ವಿನಂತಿ. ವಾರಕ್ಕೊಂದು ಸಲ ಅರ್ಧ ಪುಟ ಕೊಡಿ, ಜನ ತಮ್ಮ ಮೆಷಿನಿನ ಪ್ರೊಸೆಸರ್ ಹೆಸರು, ಬೋರ್ಡ್ ಹೆಸರು ಬರೆದು ಕಳಿಸ್ಲಿ, ಗೊತ್ತಿರೋರು ಉತ್ತರ ಬರೀಲಿ. ನಾನು ಬರೀತೀನಿ, ದುಡ್ಡು ಬೇಡ. ವಿಂಡೋಸಿನ ಸರ್ಚ್ ಜಾಗದಲ್ಲಿ ಎಂಎಸ್‌ಇನ್ಫೋ32 (msinfo32) ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿದ್ರೆ ಆ ಎರಡೂ ಹೆಸರು ಕಾಣುತ್ತೆ, ಅದನ್ನ ಫೋಟೋ ತೆಗೆದು ಕಳಿಸಿದ್ರೂ ಸಾಕು. ಎರಡನೇದು, ಕೆಟ್ಟ ಬೋರ್ಡು, ಕೆಟ್ಟ ಎಸ್‌ಎಂಪಿಎಸ್‌ನ ಜನ ತೋಟದ ಮೂಲೇಲಿ, ತೋಡಿನ ಪಕ್ಕ ಎಸೀತಿದ್ದಾರೆ, ಕೆಲವರು ಸುಡ್ತಾರೆ, ನಮ್ಮ ತೋಡಿನ ನೀರು ಕಾವೇರಿಗೆ ಸೇರೋದು. ಇ-ತ್ಯಾಜ್ಯಕ್ಕೆ 2022ರ ನಿಯಮ ಇದೆ, 2023ರ ಏಪ್ರಿಲ್ 1ರಿಂದ ಜಾರಿಲಿದೆ, ಆದ್ರೆ ಬಿರುನಾಣಿಲೋ ಶಾಂತಳ್ಳಿಲೋ ಇರೋರು ಒಂದು ಸತ್ತ ಬೋರ್ಡ್ ಹಿಡ್ಕೊಂಡು ಎಲ್ಲಿಗೆ ಹೋಗ್ಬೇಕು ಅಂತ ಅವರಿಗೆ ಯಾರೂ ಹೇಳಿಲ್ಲ. ಐದೂ ತಾಲ್ಲೂಕು ಕೇಂದ್ರಗಳಲ್ಲಿ ಮಳೆ ಶುರುವಾಗೋ ಮುಂಚೆ ಒಂದು ದಿನ ಇಟ್ಟು ಇವನ್ನೆಲ್ಲಾ ತಗೊಳೋ ವ್ಯವಸ್ಥೆ ಮಾಡಿ ಅಂತ ಜಿಲ್ಲಾಡಳಿತಕ್ಕೆ ನಿಮ್ಮ ಪತ್ರಿಕೆ ಮೂಲಕ ಕೇಳ್ಕೋತೀನಿ. ಕೊಡೋ ಮುಂಚೆ ಹಾರ್ಡ್ ಡಿಸ್ಕ್ ಮಾತ್ರ ಬಿಚ್ಚಿ ಮನೇಲೇ ಇಟ್ಕೊಳಿ, ಅದರಲ್ಲಿ ನಿಮ್ಮ ಬ್ಯಾಂಕಿನ ಕಾಗದ, ಮಕ್ಕಳ ಫೋಟೋ ಎಲ್ಲಾ ಇರುತ್ತೆ.

ಇಂತಿ ನಿಮ್ಮ ಓದುಗ,
ಪೊನ್ನಂಪೇಟೆ ತಾಲ್ಲೂಕು, ಕೊಡಗು